ಸಪಾದಕ್ಕೆ ಮುಂಚಿನ ಕಥೆ

ತಂಗಿ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಳು. ಹೋಮದ ಹೊಗೆಗೆ ಕಣ್ಣು ಕೆಟ್ಟಿತ್ತು, ಕಾಫಿ ಇಲ್ಲದೆ ತಲೆ ಕೆಟ್ಟಿತ್ತು. ಅಷ್ಟರಲ್ಲಿ ಸತ್ಯನಾರಾಯಣ ಪೂಜೆ ಶುರುವಾಗಿ, ಸಪಾದದ ಪಾತ್ರೆ ದೇವರ ಮುಂದೆ ಬಂದು ಕೂತಿತು. ರವೆ, ಸಕ್ಕರೆ, ಹಾಲು, ತುಪ್ಪ, ಬಾಳೆಹಣ್ಣು, ಎಲ್ಲವೂ ಒಂದೂಕಾಲರ ಲೆಕ್ಕ. ಆ ಘಮ ಮೂಗಿಗೆ ಬಡಿದದ್ದೇ ತಡ, ಎದೆಯಲ್ಲಿದ್ದ ಭಕ್ತಿ ಸೀದಾ ಹೊಟ್ಟೆಗಿಳಿಯಿತು. ಕೈಯೇನೂ ಚಾಚಲಿಲ್ಲ, ಸ್ವಲ್ಪ ಮುಂದಕ್ಕೆ ಸರಿದೆ ಅಷ್ಟೆ. ಹಿಂದಿನಿಂದ ಸೋದರತ್ತೆಯ ದನಿ ಬಂತು: "ಕಥೆ ಮುಗೀಲಿ ಕಣೋ. ಕಥೆ ಕೇಳದೆ ಪ್ರಸಾದಕ್ಕೆ ಕೈ ಹಾಕಿದ್ರೆ ಏನಾಗತ್ತೆ ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಏನಾಗುತ್ತದೆ ಎನ್ನುವುದೇ ಆ ಕಥೆ. ವ್ರತ ಮಾಡುತ್ತೇನೆಂದು ಹೇಳಿ ಮುಂದೂಡಿದ ಸಾಧು ಎಂಬ ವ್ಯಾಪಾರಿ ಜೈಲು ಸೇರುತ್ತಾನೆ. ದೋಣಿಯಲ್ಲಿ ಏನಿದೆ ಎಂದು ಕೇಳಿದ ಸಂನ್ಯಾಸಿಗೆ "ಬರೀ ಸೊಪ್ಪುಸದೆ" ಎಂದು ಸುಳ್ಳು ಹೇಳಿದರೆ, ದೋಣಿಯ ತುಂಬ ಸೊಪ್ಪುಸದೆಯೇ ಆಗಿಬಿಡುತ್ತದೆ. ಮಗಳು ಕಲಾವತಿ ಗಂಡನನ್ನು ನೋಡುವ ಆತುರದಲ್ಲಿ ಪ್ರಸಾದ ಬಿಟ್ಟು ಓಡಿದ್ದಕ್ಕೆ ದೋಣಿ ಸಮೇತ ಗಂಡನೇ ಮಾಯ. ಗೊಲ್ಲರು ಕೊಟ್ಟ ಪ್ರಸಾದ ಮುಟ್ಟದ ತುಂಗಧ್ವಜ ರಾಜನಿಗೆ ನೂರು ಮಕ್ಕಳೂ ಹೋಗುತ್ತಾರೆ. ಐದು ಅಧ್ಯಾಯ ಮುಗಿದು ಭಟ್ಟರು ಆರತಿಗೆ ಏಳುವ ಹೊತ್ತಿಗೆ, ತಂಗಿಯ ಎಂಟು ವರ್ಷದ ಮಗಳು ನನ್ನ ಜುಬ್ಬ ಜಗ್ಗಿದಳು. "ಮಾಮ, ಅವರೆಲ್ಲ ಕಥೆ ಕೇಳಿದ್ರು, ಕಥೆ ಕೇಳಿದ್ರು ಅಂತಾರಲ್ಲ, ಅವರು ಕೇಳಿದ ಆ ಕಥೆ ಯಾವುದು?"

ಐವತ್ತು ವರ್ಷದಿಂದ ಸಪಾದ ತಿನ್ನುತ್ತಿದ್ದೇನೆ. ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಭಟ್ಟರು ಕೇಳಿಸಿಕೊಂಡರು, ನಕ್ಕರು, ಗಂಟೆಯನ್ನು ಕೊಂಚ ಜೋರಾಗಿಯೇ ಬಾರಿಸಿದರು.

ಪೂಜೆಯ ಮಧ್ಯೆ ಕಥೆಯನ್ನು ತಂದು ಕೂರಿಸುವ ಈ ಪದ್ಧತಿ ನಮ್ಮೊಬ್ಬರದಲ್ಲ, ಬಹಳ ಹಳೆಯದು. ಬ್ಯಾಬಿಲೋನಿನಲ್ಲಿ ವಸಂತ ಕಾಲದಲ್ಲಿ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ, ಅಕಿತು ಎಂಬ ಹೊಸ ವರ್ಷದ ಹಬ್ಬ ನಡೆಯುತ್ತಿತ್ತು. ಹನ್ನೊಂದು ಹನ್ನೆರಡು ದಿನದ ಗದ್ದಲ. ನಾಲ್ಕನೆಯ ದಿನ ಸಂಜೆ ಹಿರಿಯ ಅರ್ಚಕ ಮರ್ದುಕ ದೇವರ ಎದುರಿಗೆ ನಿಂತು 'ಎನುಮ ಎಲಿಶ್' ಕಾವ್ಯವನ್ನು ಆದ್ಯಂತ ಓದಬೇಕು. ಏಳು ಮಣ್ಣಿನ ಹಲಗೆ, ಸಾವಿರಕ್ಕೂ ಮಿಕ್ಕಿದ ಸಾಲು. ತಿಯಾಮತ್ ಎಂಬ ಕಡಲ ತಾಯಿಯನ್ನು ಮರ್ದುಕ ಕೊಂದು, ಒಣಗಿಸುವ ಮೀನನ್ನು ಸೀಳಿದ ಹಾಗೆ ಎರಡು ಹೋಳು ಮಾಡಿ, ಒಂದು ಹೋಳನ್ನು ಮೇಲೆತ್ತಿ ಆಕಾಶ ಮಾಡಿದ ಎನ್ನುವುದು ಅದರ ತಿರುಳು. ನಮ್ಮ ಕರಾವಳಿಯ ಮೀನು ಮಾರುವ ಹೆಂಗಸರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ತಮಾಷೆ ಅನ್ನಿಸುವುದು, ಕೇಳುತ್ತ ಕೂತವನು ಸ್ವತಃ ಮರ್ದುಕ ಎನ್ನುವುದು. ಸನ್ಮಾನ ಸಭೆಯಲ್ಲಿ ಅಭಿನಂದನಾ ಪತ್ರ ಓದುವಾಗ, ಇದೆಲ್ಲ ಯಾಕೆ ಎಂಬ ಮುಖ ಮಾಡಿಕೊಂಡು ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಳ್ಳುವ ನಮ್ಮ ಹಿರಿಯ ಸಾಹಿತಿಗಳು ನೆನಪಾಗುತ್ತಾರೆ.

ಮಾರನೆಯ ದಿನ ಇನ್ನೂ ಸ್ವಾರಸ್ಯ. ರಾಜ ಗುಡಿಗೆ ಬರುತ್ತಾನೆ. ಅರ್ಚಕ ಅವನ ರಾಜದಂಡ, ಕಿರೀಟ ಎಲ್ಲ ಕಸಿದುಕೊಂಡು ಕೆನ್ನೆಗೆ ಹೊಡೆಯುತ್ತಾನೆ. ಕಿವಿ ಹಿಡಿದೆಳೆದು ದೇವರ ಮುಂದೆ ಮಂಡಿ ಊರಿಸುತ್ತಾನೆ. "ನಾನು ತಪ್ಪು ಮಾಡಿಲ್ಲ, ಪ್ರಜೆಗಳ ಕೆನ್ನೆಗೆ ಹೊಡೆದಿಲ್ಲ" ಎಂದು ರಾಜ ಒಪ್ಪಿಸಬೇಕು. ಆಮೇಲೆ ಕಿರೀಟ ವಾಪಸು, ಜೊತೆಗೆ ಇನ್ನೊಂದು ಏಟು. ಆ ಏಟಿಗೆ ರಾಜನ ಕಣ್ಣಲ್ಲಿ ನೀರು ಬಂದರೆ ದೇವರು ಸುಪ್ರೀತ. ಬಾರದಿದ್ದರೆ ದೇವರು ಮುನಿದಿದ್ದಾನೆ, ಶತ್ರು ಎದ್ದು ಬರುತ್ತಾನೆ ಎಂದು ಅರ್ಥ. ಅರ್ಚಕ ದೇಶದ ಹಿತದೃಷ್ಟಿಯಿಂದ ಜೋರಾಗಿಯೇ ಬಾರಿಸುತ್ತಿದ್ದಿರಬೇಕು. ಹಿಂದಿನ ಸಂಜೆ ಓದಿದ ಸಾವಿರ ಸಾಲಿನಲ್ಲಿ ಈ ಕಪಾಳಮೋಕ್ಷದ ಸುದ್ದಿಯೇ ಇಲ್ಲ! ಕಥೆಯಲ್ಲಿ ಮರ್ದುಕ ದೇವತೆಗಳಿಗೆಲ್ಲ ಅರಸನಾಗುತ್ತಾನೆ, ಪೂಜೆಯಲ್ಲಿ ಅರಸ ಪೆಟ್ಟು ತಿನ್ನುತ್ತಾನೆ. ಎರಡೂ ಒಂದೇ ಚಪ್ಪರದಡಿ ನಡೆಯುತ್ತವೆ, ಬೀಗರ ಮನೆಯವರ ಹಾಗೆ. ಪರಸ್ಪರ ನಮಸ್ಕಾರ ಉಂಟು, ಒಳಗುಟ್ಟು ಹಂಚಿಕೊಳ್ಳುವಷ್ಟು ಸಲಿಗೆ ಇಲ್ಲ.

ಆ ಮರ್ದುಕನಾದರೂ ಮೊದಲಿಗೆ ಒಂದೂರಿನ ದೇವರು. ಊರು ಬೆಳೆದು ಸಾಮ್ರಾಜ್ಯವಾದ ಹಾಗೆ ಅವನ ಸ್ಥಳಪುರಾಣವೂ ಬೆಳೆದು ಸೃಷ್ಟಿಯ ಕಥೆಯಾಯಿತು. ಆಮೇಲೆ ಬಂದ ಅಸ್ಸೀರಿಯದವರು ಕಥೆಯನ್ನು ಹಾಗೇ ಇಟ್ಟುಕೊಂಡು, ಮರ್ದುಕನ ಹೆಸರಿದ್ದಲ್ಲಿ ತಮ್ಮ ದೇವರು ಅಶ್ಶೂರನನ್ನು ತಂದರು. ಮದುವೆಯ ಅಚ್ಚಿನ ಕರೆಯೋಲೆಯಲ್ಲಿ ವಧೂವರರ ಹೆಸರು ಮಾತ್ರ ಬದಲಿಸಿದ ಹಾಗೆ.

ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸ ಬೈಬಲ್ಲಿನ ಬಗ್ಗೆ ಬರೆದ ಲೇಖನಗಳಿಗಾಗಿ 1881ರಲ್ಲಿ ಅಧ್ಯಾಪಕ ಪೀಠವನ್ನೇ ಕಳೆದುಕೊಂಡವನು. ಅವನು 1889ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಒಂದು ಮಾತು ಹೇಳಿದ. ಪ್ರಾಚೀನ ಧರ್ಮಗಳಲ್ಲಿ ಆಚರಣೆ ಗಟ್ಟಿ, ಕಥೆ ಸಡಿಲ. ಬಲಿಯನ್ನು ಹೀಗೇ ಕೊಡಬೇಕು ಎಂಬುದರಲ್ಲಿ ರಾಜಿಯಿಲ್ಲ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳಿಯಾರು, ಯಾವುದನ್ನು ನಂಬಿದರೂ ಯಾರಿಗೂ ಚಿಂತೆಯಿಲ್ಲ. ಆಮೇಲೆ ಬಂದವರು ಇದನ್ನು ಹಿಂದುಮುಂದು ಮಾಡಿ ನೂರು ವರ್ಷ ಜಗಳವಾಡಿದರು. ನಮ್ಮ ಅತ್ತೆ ಸ್ಮಿತ್‌ನನ್ನು ಓದಿಲ್ಲ. ಆದರೆ ವ್ಯಾಪಾರಿಯ ಹೆಸರು ಭಟ್ಟರ ಬಾಯಲ್ಲಿ ತಪ್ಪಿದರೂ ಸುಮ್ಮನಿದ್ದವರು, ರವೆಯ ಮೇಲಿನ ಕಾಲು ಸೇರು ತಪ್ಪಿದ್ದರೆ ಅಡುಗೆಯವನನ್ನು ಬಿಡುತ್ತಿರಲಿಲ್ಲ.

ಅಂದ ಮೇಲೆ ಕಥೆಗೇನು ಕೆಲಸ? ಮಕ್ಕಳು ಕೇಳುವ "ಯಾಕೆ"ಗೆ ಉತ್ತರ ಕೊಡುವುದು. ಗ್ರೀಕರ ಮನೆಗಳಲ್ಲೂ ಯಾವುದೋ ತುಂಟ ಮಗು ಕೇಳಿರಬೇಕು: ಬಲಿ ಕೊಟ್ಟ ಎತ್ತಿನ ಮಾಂಸವೆಲ್ಲ ನಮಗೆ, ಮೂಳೆ ಮತ್ತು ಕೊಬ್ಬು ಮಾತ್ರ ದೇವರಿಗೆ, ಇದು ಯಾವ ನ್ಯಾಯ? ಹೆಸಿಯಡ್ ಎಂಬ ಕವಿ ಕ್ರಿ.ಪೂ. 700ರ ಸುಮಾರಿಗೆ ಇದಕ್ಕೊಂದು ಸಮಜಾಯಿಷಿ ಕೊಟ್ಟಿದ್ದಾನೆ. ಮೆಕೋನೆ ಎಂಬಲ್ಲಿ ದೇವರಿಗೂ ಮನುಷ್ಯರಿಗೂ ಪಾಲು ಮಾಡಲು ಪ್ರೊಮೀಥಿಯಸ್ ಎತ್ತು ಕೊಯ್ದ. ಒಳ್ಳೆಯ ಮಾಂಸವನ್ನೆಲ್ಲ ಎತ್ತಿನ ಹೊಟ್ಟೆಯ ಚೀಲದಲ್ಲಿ ತುಂಬಿ ಒಂದು ಕಡೆ ಇಟ್ಟ, ಮೂಳೆಗಳ ಮೇಲೆ ಹೊಳೆಯುವ ಕೊಬ್ಬು ಸುತ್ತಿ ಇನ್ನೊಂದು ಕಡೆ. ಯಾವುದು ಬೇಕೋ ತಗೋ ಎಂದಾಗ ಸ್ಯೂಸ್ ದೇವರು ಹೊಳೆಯುವುದನ್ನೇ ಆರಿಸಿಕೊಂಡ. ಅವತ್ತಿನಿಂದ ವೇದಿಕೆಯ ಮೇಲೆ ಮೂಳೆ ಸುಡುವುದು, ಮಾಂಸ ಊಟಕ್ಕೆ. ಆದರೆ ದೇವಾಧಿದೇವ ಹೀಗೆ ಟೋಪಿ ಹಾಕಿಸಿಕೊಂಡರೆ ಹೇಗೆ? ಹೆಸಿಯಡ್ ಕೂಡಲೇ, ಸ್ಯೂಸನಿಗೆ ಮೋಸ ಮೊದಲೇ ಗೊತ್ತಿತ್ತು ಎಂದು ಒಂದು ಮಾತು ಸೇರಿಸುತ್ತಾನೆ. ಸಂತೆಯಲ್ಲಿ ಹುಳುಕು ಬದನೆಕಾಯಿ ತಂದ ಗಂಡಸರು ಮನೆಯಲ್ಲಿ ಕೊಡುವ ಸಬೂಬೂ ಇದೇ. ಮೂಳೆಯನ್ನು ದೇವರಿಗೆ ಕೊಟ್ಟರು ಎಂದು ನಾವು ನಗುವ ಹಾಗಿಲ್ಲ. ನೈವೇದ್ಯವನ್ನು ನಾವು ದೇವರಿಗೆ ತೋರಿಸಿ ವಾಪಸು ತರುತ್ತೇವೆ, ಅವರು ಮೂಳೆಯನ್ನಾದರೂ ಬಿಟ್ಟುಕೊಟ್ಟರು.

ಗಿಲ್ಗಮೆಶ್ ಕಾವ್ಯದಲ್ಲಂತೂ ದೇವತೆಗಳ ಹಸಿವನ್ನು ಮುಚ್ಚಿಡುವ ಪ್ರಯತ್ನವೇ ಇಲ್ಲ. ಪ್ರಳಯದಲ್ಲಿ ಮನುಷ್ಯರೆಲ್ಲ ಮುಳುಗಿದ ಮೇಲೆ ನೈವೇದ್ಯ ಇಡುವವರು ಯಾರು? ಬದುಕುಳಿದ ಒಬ್ಬ ಬಲಿ ಕೊಟ್ಟಾಗ ಅದರ ಪರಿಮಳಕ್ಕೆ ದೇವತೆಗಳು ನೊಣಗಳ ಹಾಗೆ ಮುತ್ತಿಕೊಂಡರಂತೆ. ಈ ಪ್ರಳಯದ ಹಲಗೆಯನ್ನು 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮೊದಲು ಓದಿದವನೂ ಒಬ್ಬ ಸ್ಮಿತ್. ಇವನು ಜಾರ್ಜ್ ಸ್ಮಿತ್, ಮೊದಲು ನೋಟು ಅಚ್ಚು ಹಾಕುವ ತಗಡು ಕೆತ್ತುವ ಕೆಲಸ ಕಲಿತವನು. ಓದಿದ ಸಂತೋಷಕ್ಕೆ ಕೋಣೆ ತುಂಬ ಓಡಾಡಿ ಬಟ್ಟೆ ಕಳಚತೊಡಗಿದ ಎಂದು, ಮುಂದೆ ಅದೇ ಮ್ಯೂಸಿಯಮ್ಮಿನಲ್ಲಿದ್ದ ಬಡ್ಜ್ ಬರೆದಿದ್ದಾನೆ. ಪುರಾಣ ಕೇಳಿ ಮೈಮರೆಯುವುದು ಎಂದರೆ ಇದು.

ನೊಣಕ್ಕೆ ಹೋಲಿಸಿದರೂ ದೇವರು ಸಿಟ್ಟಾಗಲಿಲ್ಲವೆ? ಆಗುವುದಿಲ್ಲ ಎಂಬ ಧೈರ್ಯ ಹಳಬರಿಗಿತ್ತು. ಕ್ರಿ.ಪೂ. 405ರಲ್ಲಿ ಅಥೆನ್ಸಿನಲ್ಲಿ ಡಯೊನೈಸಸ್ ದೇವರ ಹಬ್ಬದಲ್ಲೇ ಅರಿಸ್ಟೊಫೇನಿಸನ 'ಕಪ್ಪೆಗಳು' ನಾಟಕ ಆಡಿದರು. ಅದರಲ್ಲಿ ಡಯೊನೈಸಸ್ಸೇ ಒಂದು ಪಾತ್ರ. ಪಾತಾಳಕ್ಕೆ ಹೋಗಿ ಹೆದರಿ ಬಟ್ಟೆಯಲ್ಲೇ ಮಾಡಿಕೊಳ್ಳುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ತನ್ನದೇ ಪೂಜಾರಿಯ ಕಡೆ ತಿರುಗಿ, ನನ್ನನ್ನು ಕಾಪಾಡು ಮಾರಾಯ, ಆಮೇಲೆ ಇಬ್ಬರೂ ಒಟ್ಟಿಗೆ ಕುಡಿಯೋಣ ಎಂದು ಗೋಗರೆಯುತ್ತಾನೆ. ನಾಟಕಕ್ಕೆ ಮೊದಲ ಬಹುಮಾನ ಬಂತು. ಆರು ವರ್ಷದ ನಂತರ ಅದೇ ಊರಿನವರು, ಊರ ದೇವರುಗಳನ್ನು ಒಪ್ಪುವುದಿಲ್ಲ ಎಂಬ ಆರೋಪ ಹೊರಿಸಿ ಸಾಕ್ರೆಟೀಸನಿಗೆ ವಿಷ ಕುಡಿಸಿದರು. ಆರೋಪದ ಹಿಂದೆ ರಾಜಕೀಯವೂ ಇತ್ತು ಅನ್ನಿ. ಆದರೂ ಕಥೆಯಲ್ಲಿ ದೇವರನ್ನು ಏನು ಬೇಕಾದರೂ ಮಾಡು, ಹಬ್ಬಕ್ಕೆ ಮಾತ್ರ ತಪ್ಪಬೇಡ ಎಂಬ ಧೋರಣೆ ಎದ್ದು ಕಾಣುತ್ತದೆ. ತೀರ್ಥಹಳ್ಳಿ ಕಡೆ ಹರಕೆಯಾಟ ನೋಡಿ ಬೆಳೆದವನಿಗೆ ಇದು ಹೊಸದಲ್ಲ. ಚೌಕಿಯಲ್ಲಿ ಗಣಪತಿಗೆ ಪೂಜೆ ಆಗದೆ ಆಟವಿಲ್ಲ. ಆಟ ಶುರುವಾದ ಮೇಲೆ ಹಾಸ್ಯಗಾರ ದೇವೇಂದ್ರನನ್ನು ಗೋಳುಹೊಯ್ದುಕೊಂಡರೆ ಹರಕೆ ಹೊತ್ತವರೇ ಮೊದಲು ನಗುತ್ತಾರೆ.

ಪಾಪ, ಆ ದೇವೇಂದ್ರ! ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಸಿಕ್ಕ ಕ್ರಿ.ಪೂ. ಹದಿನಾಲ್ಕನೆಯ ಶತಮಾನದ ಒಂದು ಒಪ್ಪಂದದಲ್ಲಿ ಮಿತ್ರ, ವರುಣ, ನಾಸತ್ಯರ ಜೊತೆ ಇಂದ್ರನೂ ಸಾಕ್ಷಿ. ಋಗ್ವೇದದ ಸೂಕ್ತಗಳಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಅವನವೇ. ಪಕ್ಕದ ಇರಾನಿನ ಅವೆಸ್ತಾದಲ್ಲಿ ಅದೇ ಹೆಸರಿನವನು ರಾಕ್ಷಸ. ನಮ್ಮ ಪುರಾಣಗಳಿಗೆ ಬರುವ ಹೊತ್ತಿಗೆ, ಯಾರು ಎಲ್ಲಿ ತಪಸ್ಸಿಗೆ ಕೂತರೂ ಕುರ್ಚಿ ಹೋಯಿತೆಂದು ಬೆವರುವ ಮಂತ್ರಿ. ಯಜ್ಞ ಕಡಿಮೆಯಾಗಿ ಗುಡಿ ಹೆಚ್ಚಾದ ಕಾಲದಲ್ಲಿ ಅವನಿಗೆ ಗುಡಿ ಸಿಗಲಿಲ್ಲ. ಪೂಜೆ ನಿಂತ ದೇವರನ್ನು ಕಥೆಯೊಂದೇ ಸಾಕಬೇಕು, ಸಾಕಿದ ಮೇಲೆ ಆಡಿಸುತ್ತದೆ ಕೂಡ.

ರೋಮನ್ನರು ಇದಕ್ಕೆ ತದ್ವಿರುದ್ಧ. ಅವರಲ್ಲಿ ಕಥೆ ಕಡಿಮೆ, ಮಡಿ ಹೆಚ್ಚು. ಮಂತ್ರದಲ್ಲಿ ಒಂದು ಮಾತು ತಪ್ಪಿದರೆ ಪೂಜೆ ಮೊದಲಿನಿಂದ. ಯುದ್ಧಕ್ಕೆ ಮುಂಚೆ ಪವಿತ್ರ ಕೋಳಿಗಳು ಕಾಳು ತಿನ್ನಬೇಕು, ಅದೂ ಗಬಗಬನೆ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನದ ಹತ್ತಿರ ಕೋಳಿಗಳು ಕಾಳು ಮುಟ್ಟಲಿಲ್ಲ. ಸೇನಾಪತಿ ಕ್ಲಾಡಿಯಸ್ ಪುಲ್ಕರ್ ರೇಗಿ, ತಿನ್ನದಿದ್ದರೆ ನೀರಾದರೂ ಕುಡಿಯಲಿ ಎಂದು ಅವನ್ನು ಸಮುದ್ರಕ್ಕೆ ಎಸೆಸಿದನಂತೆ. ಆಮೇಲೆ ತೊಂಬತ್ತಮೂರು ಹಡಗು ಕಳೆದುಕೊಂಡ. ಸೋತದ್ದು ಎದುರಾಳಿ ನಾವಿಕರ ಜಾಣತನಕ್ಕೆ ಎಂದು ಇತಿಹಾಸಕಾರರು ಹೇಳಬಹುದು, ಆದರೆ ಯಾರಿಗೂ ನೆನಪಿರುವುದು ಕೋಳಿಗಳೇ. ಸಾಧು ವ್ಯಾಪಾರಿಯ ದೋಣಿಗೂ ಇದಕ್ಕೂ ಎಷ್ಟು ದೂರ?

ಅಲ್ಲಿಗೆ ತಂಗಿಯ ಮಗಳ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು ಅನ್ನಿಸಿತು. ಊಟ ಮುಗಿಸಿ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಅವಳನ್ನು ಕರೆದು ಹೇಳಿದೆ: "ನೋಡು ಪುಟ್ಟಿ, ಅವರು ಕೇಳಿದ್ದು ಅವರಿಗಿಂತ ಮುಂಚೆ ಪೂಜೆ ಮಾಡಿದವರ ಕಥೆ. ಅವರಿಗಿಂತ ಮುಂಚಿನವರು ಇನ್ನೂ ಮುಂಚಿನವರದು." ಅವಳು ಒಪ್ಪಲಿಲ್ಲ. "ಹಾಗಾದ್ರೆ ಎಲ್ಲರಿಗಿಂತ ಮೊದಲು ಮಾಡಿದವರು ಏನು ಕೇಳಿದ್ರು?" ಸ್ಮಿತ್ ಎಂಬ ಹೆಸರಿನ ಇಬ್ಬರನ್ನೂ ನೆನೆದು ನೋಡಿದೆ, ಪ್ರಯೋಜನವಾಗಲಿಲ್ಲ. ವಿಷಯ ಬದಲಿಸಲು ಈಜಿಪ್ಟಿಗೆ ಹೋದೆ. ಎಡ್‌ಫು ದೇವಾಲಯದ ಗೋಡೆಯ ಮೇಲೆ ಕೆತ್ತಿದ ಒಂದು ನಾಟಕವಿದೆ. ಹೋರಸ್ ದೇವರು ನೀರುಕುದುರೆಯ ರೂಪದ ಶತ್ರು ಸೆತ್‌ನನ್ನು ಹತ್ತು ಈಟಿಗಳಿಂದ ಇರಿಯುತ್ತಾನೆ. ಕೊನೆಯಲ್ಲಿ ನೀರುಕುದುರೆಯ ಆಕಾರದ ಒಂದು ಕೇಕನ್ನು ತಂದು ಕತ್ತರಿಸುತ್ತಾರೆ. "ಕೇಕ್" ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಮೊದಲ ಭಕ್ತರನ್ನು ಮರೆತು, ತನ್ನ ಹುಟ್ಟುಹಬ್ಬ ಯಾವಾಗ ಎಂದು ಲೆಕ್ಕ ಹಾಕುತ್ತ ಒಳಗೆ ಓಡಿದಳು.

ಅಂದ ಹಾಗೆ, ಸಪಾದ ಚೆನ್ನಾಗಿತ್ತು. ಸಕ್ಕರೆ ಮಾತ್ರ ಒಂದೂಕಾಲಲ್ಲ, ಒಂದೂವರೆ ಬಿದ್ದಿತ್ತು. ಅತ್ತೆಗೆ ಹೇಳಲು ಹೋಗಲಿಲ್ಲ.