ವಲಸೆ ಬಂದ ಅಡಿಕೆ

ದಾವಣಗೆರೆಯ ದೇವರಾಜ ಅರಸು ಬಡಾವಣೆ. ಸಂಜೆ. ಮಿರ್ಚಿ, ಮಂಡಕ್ಕಿ.

“ಭಟ್ರೆ, ಶೃಂಗೇರಿ ತೋಟದಾಗ ಈಗ ಯಾರದಾರ್ರೀ?”

“ಅಪ್ಪ, ಅಮ್ಮ, ಮಂಗ. ಬಾಳೆ ಮಂಗನದು, ಅಡಿಕೆ ಹಳದಿ ಎಲೆ ರೋಗದ್ದು, ಮಿಕ್ಕಿದ್ದು ಎಲೆಚುಕ್ಕಿಗೆ.”

“ಮಕ್ಕಳು?”

“ಬೆಂಗಳೂರಲ್ಲಿ ಕೂತು ಸಿಸಿಟಿವಿಯಲ್ಲಿ ತೋಟ ನೋಡ್ತಾರೆ. ಕರೆಂಟಿದ್ರೆ.”

“ನಮ್ಮ ಜಗಳೂರಿನೋರು ಮಳೆ ಇಲ್ಲಾಂತ ಕಾಫಿ ಕೊಯ್ಯಾಕ ಘಟ್ಟ ಹತ್ತತಾರ. ನೀವು ಮಳೆ ಜಾಸ್ತಿ ಆತಂತ ಇಲ್ಲಿಗೆ ಇಳೀತೀರಿ!”

“ನಾನೊಬ್ನೆಯಾ ಮಾರಾಯ್ರೆ? ಅಡಿಕೆಯೇ ಭದ್ರಾ ನೀರು ಕುಡಿದು ಚನ್ನಗಿರೀಲಿ ನೆಲೆಸಿದೆ. ಚನ್ನಗಿರಿ ತಾಲ್ಲೂಕೇ 1997ರಲ್ಲಿ ಶಿವಮೊಗ್ಗ ಬಿಟ್ಟು ದಾವಣಗೆರೆಗೆ ಬಂತು. ಅದನ್ನ ಯಾರೂ ವಲಸೆ ಅನ್ನಲಿಲ್ಲ, ಜಿಲ್ಲಾ ಪುನರ್‌ವಿಂಗಡಣೆ ಅಂದ್ರು.”

“ಹಂಗಾರ ಮಂಗ್ಯಾನೂ ಕರ್ಕೊಂಬರ್ರಿ.”

“ಬರೋಕೆ ತಯಾರಿದೆ. ಸೈಟಿಗೆ ಅರ್ಜಿ ಹಾಕೋಕೆ ಆಧಾರ್ ಇಲ್ಲ.”