ಖುಲ್ಲಾ ಜಾಗಾ ಮೀಮಾಂಸೆ: ಮಹಾಗಾಂವ ಹಾದಿಯ ಉದ್ಯಾನಗಳ ಬಗ್ಗೆ ಒಂದು ಶಾಸ್ತ್ರವಿಚಾರ

ಆಸ್ತಿಯ ವಿಷಯದಲ್ಲಿ ಭಾಷ್ಯ ಬರೆಯುವ ಅಧಿಕಾರ ಕಲಬುರಗಿ ಸೀಮೆಯವರಿಗೆ ಪರಂಪರೆಯಿಂದ ಬಂದದ್ದು. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕುಂಟೆಂದು ಸಾಧಿಸಿದ ವಿಜ್ಞಾನೇಶ್ವರನನ್ನು ನಮ್ಮ ಜಿಲ್ಲೆಯ ಮರತೂರು ತನ್ನವನೆಂದು ಹೆಮ್ಮೆಪಡುತ್ತದೆ. ಆದರೆ ಆ ಮಹಾನುಭಾವ ಒಂದು ಪ್ರಶ್ನೆಯನ್ನು ಹಾಗೇ ಬಿಟ್ಟ: ಲೇಔಟಿನ ಗಾರ್ಡನ್ ಜಾಗದ ಮೇಲೆ ಹಕ್ಕು ಯಾರದು? ಒಂಬೈನೂರು ವರ್ಷಗಳಿಂದ ಖಾಲಿ ಬಿದ್ದಿರುವ ಈ ಶಾಸ್ತ್ರಭಾಗವನ್ನು ಒತ್ತುವರಿ ಮಾಡುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಮೂಲಸೂತ್ರ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯು ಬಡಾವಣೆ ಯೋಜನೆಯಲ್ಲಿ ಒಟ್ಟು ಜಾಗದ ಶೇ 15ಕ್ಕೆ ಕಡಿಮೆಯಿಲ್ಲದಷ್ಟನ್ನು ಉದ್ಯಾನ, ಆಟದ ಮೈದಾನಗಳಿಗೆ ಬಿಡಬೇಕೆನ್ನುತ್ತದೆ. ಅದರ ಮೇಲೆ ಶೇ 10 ನಾಗರಿಕ ಸೌಲಭ್ಯಕ್ಕೆ. ಸೂತ್ರದಲ್ಲಿ ಸಂದೇಹಕ್ಕೆ ಎಡೆಯಿಲ್ಲ, ತೊಡಕೆಲ್ಲ ಗಣಿತದಲ್ಲಿ. ಎಕರೆಗೆ 40 ಗುಂಟೆ. ಅದರ ಶೇ 15 ಅಂದರೆ 6 ಗುಂಟೆ, ಅಂದರೆ 6,534 ಚದರ ಅಡಿ. ಇಷ್ಟು ಕೇಳಿದರೆ ಪಾಮರರ ಕಣ್ಣಿಗೆ ಹುಲ್ಲು ಕಾಣುತ್ತದೆ. ಪ್ಲಾಟ್ ಹಾಕುವವರ ಕಣ್ಣಿಗೆ 30x40ರ ಐದು ಪ್ಲಾಟು, ಮೂಲೆಗೊಂದು ಕಿರಾಣಿ ಅಂಗಡಿ ಕಾಣುತ್ತದೆ. ಹತ್ತು ಎಕರೆಯಾದರೆ 54 ಪ್ಲಾಟು. ಉದ್ಯಾನಶಾಸ್ತ್ರದ ದ್ವೈತ, ಅದ್ವೈತಗಳೆಲ್ಲ ಇಲ್ಲಿಂದಲೇ ಕವಲೊಡೆಯುತ್ತವೆ.

ಇನ್ನು ಪ್ರಮಾಣಗಳು. ಉದ್ಯಾನ ಉಂಟೆಂಬುದನ್ನು ಪ್ರತ್ಯಕ್ಷದಿಂದ ಸಾಧಿಸಲು ಹೊರಟವರು ಸೋತಿದ್ದಾರೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸಿನ ಕಡೆ ಹೊರಟರೆ ಎಡಬಲಕ್ಕೆ ಕಮಾನುಗಳು, ‘ಎನ್.ಎ. ಪ್ಲಾಟ್’ ಎಂಬ ಫಲಕಗಳು, ಎರಿ ಹೊಲದಲ್ಲಿ ಸಾಲಾಗಿ ನೆಟ್ಟ ಸುಣ್ಣ ಹಚ್ಚಿದ ಕಲ್ಲುಗಳು. ಅಂಥ ಒಂದು ಕಮಾನಿನೊಳಗೆ, ನಿವೃತ್ತಿಯ ಹಣ ಹಿಡಿದು ಪ್ಲಾಟ್ ನೋಡಲು ಬಂದ ಹಿರಿಯರೊಬ್ಬರಿಗೂ ಏಜೆಂಟನಿಗೂ ನಡೆದ ವಾದವನ್ನು ಶಾಸ್ತ್ರದ ಹಿತಕ್ಕಾಗಿ ದಾಖಲಿಸುತ್ತೇನೆ:

“ಗಾರ್ಡನ್ ಎಲ್ಲ್ಯದಪ್ಪಾ?”

“ನೀವು ನಿಂತದ್ದೇ ಗಾರ್ಡನ್ ರೀ ಕಾಕಾ.”

“ಇದು ತೊಗರಿ ಹೊಲ ಅದಲ್ಲೋ.”

“ಹಸಿರೇ ಅದಲ್ರೀ ಮತ್ತ!”

ಇಷ್ಟೆಂದವನೇ ಆತ ನಕ್ಷೆ ಬಿಚ್ಚಿದ. ಅದರಲ್ಲಿ ಗಾರ್ಡನ್ ಇತ್ತು, ಗಾಢ ಹಸಿರು ಬಣ್ಣದಲ್ಲಿ, ನಡುವೆ ಕಾರಂಜಿಯ ಚಿತ್ರ ಸಮೇತ. ಪ್ರತ್ಯಕ್ಷ ಸೋತಲ್ಲಿ ಶಬ್ದಪ್ರಮಾಣ ಗೆಲ್ಲುವುದು ಹೀಗೆ. ಉದ್ಯಾನದ ನಿತ್ಯವಾಸ ನಕ್ಷೆಯಲ್ಲಿ. ಭೂಮಿಗೆ ಅದು ಆಗಾಗ, ಚುನಾವಣೆಯ ಆಸುಪಾಸಿನಲ್ಲಿ, ಅವತರಿಸುವುದುಂಟು.

ಪೂರ್ವನಿದರ್ಶನ ಕೇಳುವವರಿಗೆ ಕಲಬುರಗಿ ಕೋಟೆಯ ಜಾಮಾ ಮಸೀದಿಯನ್ನು ತೋರಿಸಬಹುದು. 1367ರ ಶಾಸನವಿರುವ ಈ ಕಟ್ಟಡದ ವಿಶೇಷವೇ ಅಂಗಳವಿಲ್ಲದಿರುವುದು. ಮಸೀದಿಯ ನಡುವೆ ಬಯಲು ಬಿಡುವುದು ವಾಡಿಕೆ. ಇಲ್ಲಿನ ಶಿಲ್ಪಿ ಅಂಗಳವನ್ನೂ ಸೇರಿಸಿ ಗುಮ್ಮಟಗಳ ಛಾವಣಿ ಹೊದಿಸಿಬಿಟ್ಟ. ನಮ್ಮ ಬಿಲ್ಡರುಗಳು ಆತನಿಂದ ಛಾವಣಿಯನ್ನಷ್ಟೇ ಕಲಿತರು. ಆ ಕಮಾನುಗಳ ಕೆಳಗಿನ ನೆರಳು, ಗಾಳಿ, ಅಳತೆಯ ಚೆಲುವು ಇವರ ಪಠ್ಯಕ್ರಮದಲ್ಲಿ ಬರಲಿಲ್ಲ.

ಪೂರ್ವಪಕ್ಷದವರು ಇಲ್ಲಿ ಸುಪ್ರೀಂ ಕೋರ್ಟನ್ನು ಎಳೆತರುತ್ತಾರೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ತಪ್ಪೆಂದು 1991ರಲ್ಲಿ ತೀರ್ಪಾಯಿತು. ಅಲ್ಲಿಯ ನಿವಾಸಿಗಳು ಹಟ ಹಿಡಿದು ಗೆದ್ದರು. ನಿಜ. ಆದರೆ ಅವರು ಕಳೆದುಕೊಳ್ಳುವ ಮೊದಲು ಉದ್ಯಾನದ ಜಾಗ ಎಲ್ಲಿದೆಯೆಂದು ಬಲ್ಲವರಾಗಿದ್ದರು. ನಮ್ಮಲ್ಲಿ ನೀರಿನ ಟ್ಯಾಂಕು, ಗುಡಿ, ಸಮುದಾಯ ಭವನ ಎದ್ದ ಮೇಲೆಯೇ “ಹಾಂ, ಇದು ಗಾರ್ಡನ್ ಜಾಗಾ ಇತ್ತು” ಎಂಬ ಜ್ಞಾನೋದಯವಾಗುವುದು.

ಸಸ್ಯಪ್ರಕರಣ ಈ ಶಾಸ್ತ್ರದ ಅತಿ ಸೂಕ್ಷ್ಮ ಭಾಗ. ನಿಜವಾಗಿ ಭೂಮಿಗಿಳಿದ ಉದ್ಯಾನಗಳನ್ನು ಪರೀಕ್ಷಿಸಿದಾಗ ಒಂದು ನಿಯಮ ಹೊಳೆಯಿತು: ಯಾರಿಗೂ ಉಪಯೋಗಕ್ಕೆ ಬಾರದ ಗಿಡವೇ ಉದ್ಯಾನಕ್ಕೆ ಯೋಗ್ಯ. ಬೇವು ನೆರಳು ಕೊಡುತ್ತದೆ. ನೆರಳಿದ್ದಲ್ಲಿ ಜನ ಕೂಡುತ್ತಾರೆ. ಜನ ಕೂಡಿದರೆ ಕಸ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ, ಮಹಾಗಾಂವಕ್ಕೂ ಅದು ನೆರೆಮನೆಯ ಬೆಳೆ. ಆದರೆ ಗೊನೆ ಬಿಟ್ಟರೆ ಅದು ಯಾರ ಲೆಕ್ಕಕ್ಕೆ ಎಂದು ಆಡಿಟ್‌ನವರು ಕೇಳುತ್ತಾರೆ. ಆದ್ದರಿಂದ ಆಕಾಶಕ್ಕಷ್ಟೇ ನೆರಳು ಕೊಡುವ ಉದ್ದ ಅಶೋಕ, ಇಲ್ಲವೇ ಕೊನೊಕಾರ್ಪಸ್. ಗುಜರಾತಿನಲ್ಲಿ 2023ರಲ್ಲಿ ಈ ಕೊನೊಕಾರ್ಪಸ್ಸನ್ನು ನಿಷೇಧಿಸಿದರು ಎಂಬುದು ನರ್ಸರಿಯವರಿಗೆ ಗೊತ್ತಾಗುವಷ್ಟರಲ್ಲಿ ಗಿಡ ಆಳೆತ್ತರ ಬೆಳೆದಿರುತ್ತದೆ.

ಸಸಿಯ ಸುತ್ತ ಕಬ್ಬಿಣದ ಪಂಜರ. ಪಂಜರದ ಮೇಲೆ ದಾನಿಗಳ ಹೆಸರು, ಎಣ್ಣೆ ಬಣ್ಣದಲ್ಲಿ. ಒಳಗೆ ಒಣಗಿದ ಕಡ್ಡಿ, ಒಂದು ಗುಟ್ಕಾ ಚೀಟಿ. ಪಕ್ಕದಲ್ಲಿ ತಗಡಿನ ಜಾರುಬಂಡಿ. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ದಾಟಿದಾಗ ಅದರ ಮೇಲೆ ರೊಟ್ಟಿ ಬೇಯಿಸಬಹುದು, ಮಕ್ಕಳನ್ನು ಕೂರಿಸಲಾಗದು. ತಪಾಸಣೆಗೆ ತಪ್ಪದೆ ಬರುವುದು ಆಡುಗಳು ಮಾತ್ರ. ಏನು ಚಿಗುರಿದೆ, ಏನು ಇಲ್ಲ ಎಂಬ ಖಚಿತ ವರದಿ ಅವುಗಳ ಬಳಿಯಿದೆ.

ಕೊನೆಗೆ ಮಹಾಗಾಂವದಂಥ ಊರಿನ ಅಜ್ಞಾನದ ಕುರಿತು. ತಲೆಗೆ 10ರಿಂದ 12 ಚದರ ಮೀಟರ್ ಬಯಲು ಇರಬೇಕೆಂದು ಕೇಂದ್ರ ಸರ್ಕಾರದ ನಗರ ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಹಳ್ಳಿಯವರಿಗೆ ಇದು ತಿಳಿದಿರಲಿಲ್ಲ. ತಿಳಿಯದೆಯೇ ಕಣ, ಗಾಯರಾಣ, ಬಣಿವೆ ಒಟ್ಟುವ ಹಿತ್ತಲು, ಮುತ್ಯಾಗಳು ಕೂಡುವ ಬೇವಿನ ಕಟ್ಟೆ ಇವನ್ನೆಲ್ಲ ಇಟ್ಟುಕೊಂಡಿದ್ದರು. ಶೇಕಡಾವಾರು ಲೆಕ್ಕವಿಲ್ಲ, ನಕ್ಷೆಯಿಲ್ಲ, ಫಲಕವಿಲ್ಲ. ಹೀಗಾಗಿ ಶಾಸ್ತ್ರದೃಷ್ಟಿಯಲ್ಲಿ ಅವು ಬಯಲೇ ಅಲ್ಲ. ಹೊಲ ಎನ್.ಎ. ಆಗಿ, ಕಣದ ಮೇಲೆ ರಸ್ತೆ ಬಿದ್ದು, ನೂರಕ್ಕೆ ನೂರು ಇದ್ದದ್ದು ಹೋದ ಮೇಲೆ ಶೇ 15 ಮಂಜೂರಾಗುತ್ತದೆ. ಅದಕ್ಕೊಂದು ಉದ್ಘಾಟನೆಯೂ ಇರುತ್ತದೆ.

ಶಾಸ್ತ್ರ ಬರೆಯುವವನು ತಾನೇ ಅದನ್ನು ಪಾಲಿಸಬೇಕಾದ್ದರಿಂದ ಈ ಪ್ರಬಂಧದ ಪುಟದಲ್ಲೂ ಶೇ 15 ಖುಲ್ಲಾ ಬಿಟ್ಟು ಕಳಿಸಿದ್ದೆ. ಸಂಪಾದಕರು ಅಲ್ಲಿ ಪ್ಲಾಟಿನ ಜಾಹೀರಾತು ಹಾಕಿದ್ದಾರೆ.