ಮದುವೆಮನೆ ಫೋಟೋ: ಲಕ್ಷಣ, ಭೇದ ಮತ್ತು ವಿಧಿ

ಮದುವೆಮನೆ ಫೋಟೋ ಎಂದರೆ ವಧೂವರರನ್ನು ನಡುವೆ ನಿಲ್ಲಿಸಿಕೊಂಡು, ಉಳಿದವರು ಎರಡೂ ಪಕ್ಕದಲ್ಲಿ ತಮ್ಮ ತಮ್ಮ ಹಕ್ಕು ಸ್ಥಾಪಿಸುವ ಒಂದು ಕರ್ಮ. ಷೋಡಶ ಸಂಸ್ಕಾರಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಆಚರಣೆಯಲ್ಲಿ ಮಾತ್ರ ಅಗ್ರಸ್ಥಾನ ಇದಕ್ಕೇ. ಮುಹೂರ್ತ ಮೀರಿದರೆ ಪುರೋಹಿತರು ಏನಾದರೊಂದು ಪರಿಹಾರ ಹೇಳಬಲ್ಲರು. ಫೋಟೋ ತಪ್ಪಿಹೋದ ಚಿಕ್ಕಮ್ಮನಿಗೆ ಯಾವ ಶಾಂತಿಹೋಮವೂ ಇಲ್ಲ.

ಈ ಕರ್ಮದ ಮೂಲ ಪ್ಯಾರಿಸಿನಲ್ಲಿದೆ. ಅಲ್ಲಿ 1839ರಲ್ಲಿ ದಾಗೇರನ ವಿಧಾನ ಬಹಿರಂಗವಾದಾಗ, ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಮಿಸುಕಾಡದೆ ಕೂರಬೇಕಿತ್ತು. ಮುಂದೆ ಸ್ಟುಡಿಯೋಗಳು ಬಂದಾಗ, ತಲೆ ಅಲ್ಲಾಡದಿರಲೆಂದು ಹಿಂದಿನಿಂದ ಕಬ್ಬಿಣದ ಕವೆಯೊಂದನ್ನು ಆನಿಸುತ್ತಿದ್ದರು. ಆ ಕಾಲದ ಯುರೋಪಿನವರು ಚಿತ್ರಗಳಲ್ಲಿ ಗಂಟುಮುಖ ಹಾಕಿರುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ಹಳೆಯ ಮೈಸೂರಿನ ತೊಟ್ಟಿಮನೆಗಳ ಗೋಡೆಯ ಮೇಲಿರುವ ಅಜ್ಜಂದಿರಿಗೆ ಈ ವಿನಾಯಿತಿ ಸಲ್ಲದು. ಅವರ ಕಾಲಕ್ಕೆ ಶಟರ್ ಕ್ಷಣಮಾತ್ರದಲ್ಲಿ ಮುಚ್ಚುತ್ತಿತ್ತು. ಗಂಟುಮುಖ ಅವರ ಸ್ವಯಾರ್ಜಿತ.

ಕನ್ನಡ ನಾಡಿನಲ್ಲಿ ಫೋಟೋ ತೆಗೆದವರಲ್ಲಿ ನೆಮ್ಮದಿ ಕಂಡವನೆಂದರೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ. ಆತ 1856ರಲ್ಲಿ ಮೇಣ ಹತ್ತಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. ಆತನ ಚಿತ್ರಗಳು ಅಷ್ಟು ನಿಚ್ಚಳವಾಗಿ ಬಂದದ್ದರ ಗುಟ್ಟು ಸರಳ: ವಿಠ್ಠಲ ದೇವಾಲಯದ ಕಂಬಗಳು ಕಣ್ಣು ಮಿಟುಕಿಸುವುದಿಲ್ಲ, ಸೀರೆಯ ಅಂಚು ಬಂತೇ ಎಂದು ಕೇಳುವುದಿಲ್ಲ, ಎರಡನೇ ಪಂಕ್ತಿ ಕೂತಿತೆಂದು ನಡುವೆ ಎದ್ದು ಹೋಗುವುದೂ ಇಲ್ಲ.

ಕಣ್ಣು ಮಿಟುಕಿಸುವ ಸಮಸ್ಯೆಗೆ ಗಣಿತಶಾಸ್ತ್ರದಲ್ಲಿ ಉತ್ತರವಿದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕಹಾಕಿ 2006ರ ಇಗ್ ನೊಬೆಲ್ ಪಡೆದರು. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನರಿದ್ದು ಬೆಳಕು ಚೆನ್ನಾಗಿದ್ದರೆ ತಲೆಗಳನ್ನು ಎಣಿಸಿ 3ರಿಂದ ಭಾಗಿಸಬೇಕು, ಬೆಳಕು ಮಂದವಾಗಿದ್ದರೆ 2ರಿಂದ. ಅಷ್ಟು ಸಲ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುವುದು ಹೆಚ್ಚುಕಡಿಮೆ ಖಚಿತ. ಜನ 50ರ ಹತ್ತಿರ ಬಂದರೆ ಆಸೆ ಬಿಡಬೇಕೆಂದೂ ಅವರೇ ಹೇಳಿದ್ದಾರೆ. ಛತ್ರದಲ್ಲಿ 'ಬರೀ ಮನೆಯವರು ಮಾತ್ರ ಬನ್ನಿ' ಎಂದು ಕೂಗಿದಾಗ ವೇದಿಕೆ ಹತ್ತುವವರ ಸಂಖ್ಯೆ ಆ ವಿದ್ವಾಂಸರ ಗಮನಕ್ಕೆ ಬಂದಂತಿಲ್ಲ.

ಇನ್ನು ಸ್ಥಾನನಿರ್ಣಯ. ಹಿರಿಯರಿಗೆ ಕುರ್ಚಿ, ಮಕ್ಕಳಿಗೆ ನೆಲ, ಭಾವಮೈದುನರಿಗೆ ಹಿಂದಿನ ಸಾಲು ಎಂಬುದು ಸಾಮಾನ್ಯ ನಿಯಮ. ಸೋದರತ್ತೆಗೆ ನಿಯಮವಿಲ್ಲ. ಇಕ್ಕಟ್ಟಾದ ವೇದಿಕೆಯಲ್ಲಿ ಎಲ್ಲರನ್ನೂ ತುಂಬಲು ವೈಡ್ ಆಂಗಲ್ ಲೆನ್ಸ್ ಹಾಕುವುದರಿಂದ ತುದಿಯಲ್ಲಿ ನಿಂತವರು ಅಡ್ಡಕ್ಕೆ ಹಿಗ್ಗಿ ಕಾಣುತ್ತಾರೆ. ಇದನ್ನರಿತ ಅನುಭವಿಗಳು ಮೊದಲು ತುದಿಯಲ್ಲಿ ವಿನಯದಿಂದ ನಿಂತು, 'ಇನ್ನೂ ಸ್ವಲ್ಪ ಒತ್ಕೊಳ್ಳಿ ಅಮ್ಮಾ' ಎಂಬ ಆದೇಶ ಬಂದೊಡನೆ ನಡುವಿನವರೆಗೂ ಒತ್ತಿಕೊಂಡು ಬರುತ್ತಾರೆ.

ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ಮಂಟಪದ ಸುತ್ತ ಬೆನ್ನುಗಳ ಕೋಟೆಯೊಂದು ಏಳುತ್ತದೆ. ಹೊರಗಿನವರು ಎಸೆದ ಅಕ್ಷತೆಯಲ್ಲಿ ಬಹುಪಾಲು ಬೀಳುವುದು ಫೋಟೋಗ್ರಾಫರನ ಬೆನ್ನ ಮೇಲೆ. ಸಕಲ ಸುಮಂಗಲಿಯರ ಆಶೀರ್ವಾದ ಹೀಗೆ ವಾರಕ್ಕೊಮ್ಮೆ ಪಡೆಯುವ ವ್ಯಕ್ತಿ ಬೇರೆ ಯಾವ ವೃತ್ತಿಯಲ್ಲೂ ಇರಲಾರ. ಸಪ್ತಪದಿಯಲ್ಲಿ ಒಂದು ಕಾನೂನಿನ ತೊಡಕೂ ಇದೆ. 1955ರ ಹಿಂದೂ ವಿವಾಹ ಕಾಯಿದೆಯ 7ನೇ ಕಲಮಿನಂತೆ, ಸಪ್ತಪದಿ ಇರುವ ಪದ್ಧತಿಗಳಲ್ಲಿ ಏಳನೇ ಹೆಜ್ಜೆ ಇಟ್ಟಾಗ ವಿವಾಹ ಪೂರ್ಣವಾಗುತ್ತದೆ. ಐದನೇ ಹೆಜ್ಜೆಯಲ್ಲಿ 'ಸಾರ್, ಅಲ್ಲೇ ನಿಂತ್ಕೊಳ್ಳಿ, ಕಾಲುಂಗುರ ಕ್ಲೋಸಪ್' ಎಂದು ತಡೆದಾಗ, ಆ ಎರಡು ನಿಮಿಷ ಅವರಿಬ್ಬರೂ ಪರಸ್ಪರ ಯಾರು ಎಂಬ ಬಗ್ಗೆ ಕಾಯಿದೆ ಮೌನವಾಗಿದೆ.

ಈ ಕಲೆಯ ಪರಮೋನ್ನತ ಸಾಧನೆ ಮಾತ್ರ ಫಿಲ್ಮ್ ರೋಲಿನ ಕಾಲದ್ದು. ಅದರ ಹೆಸರು ಖಾಲಿ ಫ್ಲ್ಯಾಶ್. ಒಂದು ರೋಲಿಗೆ 36 ಚಿತ್ರ. ಕೈ ಪಳಗಿದವರು 37ನೆಯದನ್ನೂ ಹಿಂಡುತ್ತಿದ್ದರು. ಹೆಣ್ಣಿನ ತಂದೆ ಒಪ್ಪಿದ್ದು ಮೂರೋ ನಾಲ್ಕೋ ರೋಲು. ಆರತಕ್ಷತೆಯ ಸಾಲೋ ಬಾಗಿಲು ದಾಟಿ ಚಪ್ಪಲಿಗಳವರೆಗೆ. ಆಗ ಫೋಟೋಗ್ರಾಫರ್ ಮನೆಯ ಹಿರಿಯರ ಕಡೆ ಒಮ್ಮೆ ನೋಡುತ್ತಿದ್ದ. ಅವರ ಹುಬ್ಬು ಮೇಲೆ ಹೋದರೆ ನಿಜವಾದ ಚಿತ್ರ. ಹೋಗದಿದ್ದರೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಬೆರಳಿನಿಂದ ಶಟರನ್ನು ಮುಟ್ಟದೆ, ಫ್ಲ್ಯಾಶಿನ ಬೆನ್ನಿಗಿದ್ದ ಟೆಸ್ಟ್ ಗುಂಡಿಯನ್ನಷ್ಟೇ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಪಳ್ಳನೆ ಬೆಳಕು, ಹಿಂದೆಯೇ ಫ್ಲ್ಯಾಶ್ ಮತ್ತೆ ಚಾರ್ಜಾಗುವ ಸಣ್ಣ ಕುಂಯ್ ಸದ್ದು. ಮುಯ್ಯಿಯ ಕವರನ್ನು ಕೊಟ್ಟೂ ಕೊಡದಂತೆ ಹಿಡಿದು ನಕ್ಕವರು ತೃಪ್ತರಾಗಿ ಊಟದ ಹಾಲಿಗೆ ಇಳಿದು ಹೋಗುತ್ತಿದ್ದರು.

ಇದು ಮೋಸವಲ್ಲವೇ ಎಂಬುದು ಪೂರ್ವಪಕ್ಷ. ಅಲ್ಲ ಎಂಬುದು ಸಿದ್ಧಾಂತ. ಬೆಳಕು ಬಿದ್ದದ್ದು ನಿಜ, ನಕ್ಕದ್ದು ನಿಜ, ಕವರು ಕೈ ಬದಲಾಯಿಸಿದ್ದೂ ನಿಜ. ಫೋಟೋ ತೆಗೆಸಿಕೊಳ್ಳುವುದು ಮರ್ಯಾದೆ; ಚಿತ್ರ ಮೂಡುವುದು ರಸಾಯನಶಾಸ್ತ್ರ. ಬಂಧುಗಳು ಬಂದದ್ದು ಮೊದಲನೆಯದಕ್ಕೆ. ತಿಂಗಳುಗಳ ಮೇಲೆ ಆಲ್ಬಮ್ಮಿನಲ್ಲಿ ತಮ್ಮನ್ನು ಕಾಣದವರಿಗೆ 'ಆ ರೋಲಿಗೆ ಬೆಳಕು ಹೊಕ್ಕಿತಂತೆ' ಎಂಬ ಸಮಾಧಾನ ಸಿದ್ಧವಿರುತ್ತಿತ್ತು. ಒಂದೇ ಒಂದು ರೋಲಿಗೆ ಅಷ್ಟೂ ದೂರದ ಸಂಬಂಧಿಗಳೇ ಹೇಗೆ ಸಿಕ್ಕಿದರೆಂದು ಯಾರೂ ತನಿಖೆ ಮಾಡಿದ್ದಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದು ಈ ವಿದ್ಯೆಯನ್ನು ಕೊಂದಿತು. ಕೊಡಕ್ ಕಂಪನಿಯ ಸ್ಟೀವ್ ಸಾಸನ್ 1975ರಲ್ಲಿ ಮಾಡಿದ ಮೊದಲ ಮಾದರಿ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ವೇಗ ಉಳಿದಿದ್ದರೆ ಆರತಕ್ಷತೆಗೆ ಒಂದು ಶಿಸ್ತು ಬರುತ್ತಿತ್ತು. ಈಗ ಎಲ್ಲರ ಚಿತ್ರವೂ ಬರುತ್ತದೆ, ಸಾವಿರಗಟ್ಟಲೆ ಬರುತ್ತದೆ, ಪೆನ್‌ಡ್ರೈವಿನಲ್ಲಿ ಬರುತ್ತದೆ, ಬೀರುವಿನ ಒಡವೆ ಡಬ್ಬಿಯಲ್ಲಿ ಭದ್ರವಾಗಿರುತ್ತದೆ. ತೆರೆದು ನೋಡಿದವರು ವಿರಳ. ಜೊತೆಗೆ ಫೋಟೋಗ್ರಾಫರನ ಅಕ್ಕಪಕ್ಕದಲ್ಲಿ ಮೊಬೈಲು ಹಿಡಿದವರು ನಿಂತಿರುವುದರಿಂದ, ಮಾವ ಒಂದು ಕಡೆ, ಅತ್ತೆ ಇನ್ನೊಂದು ಕಡೆ, ವರ ಮತ್ತೊಂದು ಕಡೆ ನೋಡುತ್ತಿರುತ್ತಾರೆ. ಪ್ರೀ-ವೆಡ್ಡಿಂಗ್ ಶೂಟ್ ಎಂಬ ಉಪಶಾಖೆಯ ಬಗ್ಗೆ ಇಷ್ಟು ಸಾಕು: ಮದುವೆ ನಡೆಯುವ ಮೊದಲೇ ಅದರ ನೆನಪುಗಳನ್ನು ಮಾಡಿಟ್ಟುಕೊಳ್ಳುವ ಪದ್ಧತಿ ಅದು. ನಂದಿಬೆಟ್ಟದಲ್ಲಿ ಬೆಳಗಿನ ಮಂಜಿಗಾಗಿ ಕಾಯುವುದು ಅದರ ಮುಖ್ಯ ಅಂಗ.

ಸಾಲಿನಲ್ಲಿ ನಿಲ್ಲುವವರಿಗೆ ವಿಧಿ ಇಷ್ಟೇ. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯಬೇಕು; ಫ್ಲ್ಯಾಶ್ ಬೀಳುವವರೆಗೆ ಕವರನ್ನು ಬಿಡಬಾರದು. ಕವರಿನ ಮೇಲೆ ಹೆಸರನ್ನು ಮನೆಯಲ್ಲೇ ಬರೆದುಕೊಂಡು ಬರಬೇಕು. ಛತ್ರದಲ್ಲಿ ಯಾರ ಹತ್ತಿರವೂ ಪೆನ್ನು ಇರುವುದಿಲ್ಲ.